ಬೆನ್ನ ಮೇಲಿನ ನೀಲಿ ಗುರುತು

ಇಂಡಿ ತಾಲೂಕಿನ ಝಳಕಿಗೆ ಹತ್ತಿರದ ಹೊಲದ ಮನೆಯಲ್ಲಿರುವ ಮಾಳಿಂಗಪ್ಪ ಯಾರನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಕಂಡಕ್ಟರ್ ಟಿಕೆಟ್ ಕೊಟ್ಟರೆ ಎರಡೂ ಕಡೆ ತಿರುಗಿಸಿ ನೋಡುತ್ತಾನೆ. ಓದಲು ಬರುವುದಿಲ್ಲ, ಆದರೂ ನೋಡುತ್ತಾನೆ. ಜೀವವೆಲ್ಲ ಇಟ್ಟುಕೊಂಡಿರುವುದು ತನ್ನ ಐವತ್ಮೂರು ಕುರಿಗಳ ಮೇಲೆ. ಅವನ್ನೂ ದಿನಾ ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಎಣಿಸಿಯೇ ಒಳಗೆ ಬಿಡುತ್ತಾನೆ. ಈ ಎಣಿಕೆ ಬಿಟ್ಟಿದ್ದು ಒಂದೇ ಸಲ. ಮೂರು ವರ್ಷದ ಹಿಂದೆ ಜ್ವರ ಬಂದು ಮಲಗಿದಾಗ ಎಂಟು ದಿನ ಕುರಿಗಳನ್ನು ಚಿಕ್ಕಂದಿನ ಗೆಳೆಯ, ಝಳಕಿಯ ಕುರಿ ವ್ಯಾಪಾರಿ ರಸೂಲಸಾಬನ ಹಟ್ಟಿಗೆ ಬಿಟ್ಟಿದ್ದ. ಆಗ ಕೊಡುವಾಗಲೂ ಎಣಿಸಲಿಲ್ಲ, ತರುವಾಗಲೂ ಎಣಿಸಲಿಲ್ಲ.

ಇಂಥವನ ಮನೆಯಲ್ಲಿ ಮೈಸೂರಿನ ಝೂ ನೋಡಲು ಹೋಗುವ ಮಾತೆದ್ದಿತು. ಎತ್ತಿದವಳು ಸೊಸೆ ಕಾವೇರಿ. ಮೊಮ್ಮಗಳು ಭುವನೇಶ್ವರಿಗೆ ಪರೀಕ್ಷೆ ಮುಗಿದಿತ್ತು. ಅವಳಿಗಿಂತ ಹೆಚ್ಚಿನ ಆಸೆ ಮಾಳಿಂಗಪ್ಪನ ಹೆಂಡತಿ ಹುಚ್ಚವ್ವನಿಗೆ. ಮೊಮ್ಮಗಳ ಪುಸ್ತಕದಲ್ಲಿ ಜಿರಾಫೆಯ ಚಿತ್ರ ಕಂಡ ದಿನದಿಂದ, ಅಷ್ಟು ಉದ್ದದ ಕುತ್ತಿಗೆ ಇಟ್ಟುಕೊಂಡು ಅದು ನೀರು ಹೇಗೆ ಕುಡಿಯುತ್ತದೆ ಎಂಬುದೇ ಆಕೆಯ ಚಿಂತೆ.

“ನೀವೂ ಬರಬೇಕ್ರಿ ಮಾವಾರ,” ಎಂದಳು ಕಾವೇರಿ. “ಮಂಗಳವಾರ ಇಂಡಿ ರೋಡದಾಗ ರೈಲು ಹತ್ತಿದ್ರ ಬುಧವಾರ ಪೂರಾ ದಿನ ನೋಡಬಹುದು. ಮಂಗಳವಾರ ಅಲ್ಲಿ ರಜಾ ಇರತೈತಿ.”

“ಹುಲಿಗೆ ಎಂಥಾ ರಜಾ?”

“ಹುಲಿಗಲ್ರಿ, ನೋಡಾಕ ಬರೋ ಮಂದಿಗೆ.”

ಮಾಳಿಂಗಪ್ಪನಿಗೆ ಹುಲಿಯ ರಜೆಗಿಂತ ಆ ‘ನೀವೂ’ ಚುಚ್ಚಿತು. ಇಷ್ಟು ವರ್ಷ ದೂರದ ಊರಿಗೆ ಹೊರಟಾಗಲೆಲ್ಲ ಇವನನ್ನು ಕುರಿಗಳ ಜೊತೆ ಬಿಟ್ಟು ಹೋಗುತ್ತಿದ್ದವರು ಈಗ ಕೈಹಿಡಿದು ಕರೆಯುತ್ತಿದ್ದಾರೆ.

“ಕುರಿ ಯಾರು ನೋಡಕೋತಾರ?”

“ರಸೂಲಕಾಕಾ ನೋಡಕೋತೇನಿ ಅಂದಾರ,” ಎಂದ ಮಗ ಸಿದ್ಧರಾಮ, ಮೊಬೈಲಿನಿಂದ ತಲೆ ಎತ್ತದೆ.

ಅಲ್ಲಿಗೆ ಎಲ್ಲ ತಿಳಿದಂತಾಯಿತು. ಕುರಿ ಮಾರಿ ಟೆಂಪೋ ತರೋಣ ಎಂದು ಸಿದ್ಧರಾಮ ಹೋದ ವರ್ಷವೇ ಹಟ ಹಿಡಿದಿದ್ದ. ಮಾರಬೇಕೆನ್ನುವವನು ಮನೆಯಲ್ಲಿ, ಕೊಳ್ಳುವ ಕಸುಬಿನವನು ಝಳಕಿಯಲ್ಲಿ. ತಾನು ಮೈಸೂರಿನಲ್ಲಿ ಜಿರಾಫೆಯ ಕುತ್ತಿಗೆ ನೋಡುತ್ತ ನಿಂತಿರುವಾಗ ಇಲ್ಲಿ ಹಟ್ಟಿ ಖಾಲಿಯಾಗುತ್ತದೆ. ತಾನು ಎಣಿಸದೆ ಕುರಿ ಕೊಟ್ಟಿದ್ದ ಗೆಳೆಯ ಹೀಗೆ ಮಾಡುವನೇ ಎಂದು ಒಂದು ಮನಸ್ಸು ಕೇಳಿತು. ಯಾಕೆ ಮಾಡಬಾರದು ಎಂದಿತು ಇನ್ನೊಂದು. ಮಾಳಿಂಗಪ್ಪ ಯಾವಾಗಲೂ ಈ ಎರಡನೆಯದರ ಮಾತನ್ನೇ ಕೇಳುವವನು.

ಅಂದಿನಿಂದ ಮನೆಯಲ್ಲಿ ಇಬ್ಬರು ಮಾತಾಡಿದರೆ ಮೂರನೆಯವನಾಗಿ ಕೆಮ್ಮಿಕೊಂಡು ಬಂದು ನಿಲ್ಲತೊಡಗಿದ. ಅವನು ಬಂದೊಡನೆ ಅವರು ಸುಮ್ಮನಾಗುತ್ತಿದ್ದರು. ಅವನಿಗೆ ಬೇಕಾದ ಪುರಾವೆಯೂ ಅದೇ.

ರವಿವಾರ ತಮ್ಮನ ಮಗನ ನಿಶ್ಚಯಕ್ಕೆಂದು ಬಸವನ ಬಾಗೇವಾಡಿಗೆ ಹೋಗಿ ಸಂಜೆ ಮರಳಿದವನು ಅಂಗಿ ಸಹ ಕಳಚದೆ ಹಟ್ಟಿಗೆ ಬಂದ. ಕುರಿಗಳು ಐವತ್ಮೂರೂ ಇದ್ದವು. ಆದರೆ ಒಂದೊಂದರ ಬೆನ್ನ ಮೇಲೂ ಅಂಗೈಯಗಲದ ನೀಲಿ ಬಣ್ಣ. ಸಂತೆಯಲ್ಲಿ ವ್ಯಾಪಾರ ಕುದುರಿದ ಕೂಡಲೇ ಕೊಂಡವನು ಕುರಿಯ ಬೆನ್ನಿಗೆ ತನ್ನ ಬಣ್ಣ ಹಚ್ಚುತ್ತಾನೆ. ಆಮೇಲೆ ಅದನ್ನು ಬೇರೆಯವರು ಕೇಳುವಂತಿಲ್ಲ. ಒಬ್ಬೊಬ್ಬ ವ್ಯಾಪಾರಿಗೆ ಒಂದೊಂದು ಬಣ್ಣ. ನೀಲಿ ರಸೂಲಸಾಬನದು.

ಮನೆಯವರನ್ನು ಅವನು ಒಂದು ಮಾತೂ ಕೇಳಲಿಲ್ಲ. ಕೇಳಿದರೆ ಸುಳ್ಳು ಹೊಂದಿಸಲು ಅವಕಾಶ ಕೊಟ್ಟಂತೆ. ಮುಂಜಾನೆ ಎದ್ದು ನೇರ ಝಳಕಿಗೆ ನಡೆದ. ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ರಸೂಲಸಾಬ ನಾಲ್ಕು ಜನರ ನಡುವೆ ಕೂತು ಚಹಾವನ್ನು ಬಸಿಗೆ ಸುರಿದು ಆರಿಸುತ್ತಿದ್ದ.

“ನನ್ನ ಕುರಿ ಎಷ್ಟಕ್ಕ ಮುಗಿಸಿದಿ ರಸೂಲ?”

“ಏನಂದಿ?”

“ನನ್ನ ಬೆನ್ನ ಹಿಂದ ನನ್ನ ಮಗನ ಕೂಡ ಕಳ್ಳ ವ್ಯಾಪಾರ ಮಾಡೀಯಲ್ಲ, ಅದನ್ನ ಕೇಳಾಕತ್ತೇನಿ. ಕಳ್ಳ ಅದಿ ನೀ.”

ರಸೂಲಸಾಬ ಬಸಿಯನ್ನು ಮೆಲ್ಲಗೆ ಕೆಳಗಿಟ್ಟ.

“ನಿನ್ನಿ ದನದ ಡಾಕ್ಟರ್ ಬಂದು ಸೂಜಿ ಮಾಡ್ಯಾರ. ಸೂಜಿ ಆದ ಕುರಿಗೆ ಗುರುತು ಹಾಕಬೇಕು, ಅವರ ಬಣ್ಣ ತೀರಿತ್ತು, ನನ್ನ ಡಬ್ಬಿ ಕೊಟ್ಟೆ. ನೀವು ಮೈಸೂರಿಗೆ ಹೋದ್ರ ನಿನ್ನ ಕುರಿ ನನ್ನ ಕುರಿ ಒಂದ ಹಟ್ಟ್ಯಾಗ ಇರೂವು. ಒಂದರ ಬ್ಯಾನಿ ಒಂದಕ್ಕ ಹತ್ತಬಾರದು ಅಂತ ಡಾಕ್ಟರನ್ನ ಕರಕೊಂಡು ಬಂದಾವ ನಾನ.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಸೂಜಿ ಮಾಡಾಕ ಬಿಡತಿದ್ದಿ? ಗಬ್ಬದ ಕುರಿ ಕಂದ ಹಾಕತಾವ ಅಂತ ಹೋದ ವರ್ಷ ಡಾಕ್ಟರನ್ನ ಬಾಗಲದಿಂದನ ಹೊಳ್ಳಿ ಕಳಿಸಿದಿ. ನಿನ್ನ ಸಂಶೇಕ್ಕ ಹೆದರಿ ನಿನ್ನ ಮಂದಿ ಬಾಯಿ ಬಿಟ್ಟಿಲ್ಲ.”

ತಪ್ಪಾಯಿತು ಎನ್ನುವ ಮಾತು ಮಾಳಿಂಗಪ್ಪನ ಬಾಯಿಗೆ ಬಂತು, ನಾಲ್ಕು ಜನರ ಮುಂದೆ ಹೊರಬೀಳಲಿಲ್ಲ. ರಸೂಲಸಾಬ ಎದ್ದು ಹೋದ.

ಮನೆ ಮುಟ್ಟುವುದರೊಳಗೆ ಸುದ್ದಿ ಫೋನಿನಲ್ಲಿ ಬಂದು ಕೂತಿತ್ತು. ಸಿದ್ಧರಾಮ ಮುಖ ತಿರುಗಿಸಿಕೊಂಡ. ಹುಚ್ಚವ್ವ ಪ್ರಯಾಣಕ್ಕೆಂದು ಕಟ್ಟಿಟ್ಟ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಗಂಟಿನಿಂದ ತನ್ನ ಪಾಲು ತೆಗೆದಿಡುತ್ತಿದ್ದಳು.

“ಇನ್ನ ಯಾವ ಮುಖಾ ಇಟಗೊಂಡು ರಸೂಲಣ್ಣಗ ಕುರಿ ಕಾಯ್ರಿ ಅನ್ನೂದು? ನಾ ಇರತೇನಿ. ನೀವು ಹೋಗಿ ಬರ್ರಿ,” ಎಂದಳು.

ಸಿಟ್ಟಿನಿಂದ ಹೇಳಿದ್ದರೆ ಅವನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದ. ಆಕೆಗೆ ಸಿಟ್ಟಿರಲಿಲ್ಲ. ಮಾಳಿಂಗಪ್ಪನಿಗೆ ನಾಚಿಕೆಯಾಯಿತು, ತನ್ನ ಮೇಲೆ ತನಗೇ ಹೇಸಿಕೆಯಾಯಿತು.

ಮಂಗಳವಾರ ಬೆಳಗ್ಗೆ ಯಾರಿಗೂ ಹೇಳದೆ ಕುರಿಗಳನ್ನು ಹೊಡೆದುಕೊಂಡು ಝಳಕಿಗೆ, ರಸೂಲಸಾಬನ ಹಟ್ಟಿಗೆ ಹೋದ. ಹಿಂದೆಯೇ ರೈಲಿಗೆಂದು ಬಾಡಿಗೆ ಟೆಂಪೋ ಮಾಡಿಕೊಂಡು ಮನೆಯವರು ಬಂದು ರಸ್ತೆಯಲ್ಲಿ ನಿಂತರು. ಹುಚ್ಚವ್ವನೂ ಇಳಕಲ್ಲ ಸೀರೆ ಉಟ್ಟು ಬಂದಿದ್ದಳು. ಆಸೆ ಪೂರ್ತಿ ಬಿಟ್ಟಿರಲಿಲ್ಲ.

“ತಪ್ಪಾತು ರಸೂಲ,” ಎಂದ ಮಾಳಿಂಗಪ್ಪ, ಈ ಸಲ ಎಲ್ಲರಿಗೂ ಕೇಳುವ ಹಾಗೆ.

ರಸೂಲಸಾಬ ಹಟ್ಟಿಯ ಬಾಗಿಲು ತೆರೆದ. ಹುಚ್ಚವ್ವನ ಕಡೆ ನೋಡಿ, “ನೀವು ಹೋಗಿ ಬರ್ರಿ ಅವ್ವಾರ, ಜಿರಾಫಿ ನೋಡಿ ಬರ್ರಿ,” ಎಂದ. ಮಾಳಿಂಗಪ್ಪ ಕುರಿಗಳನ್ನು ಒಳಗೆ ಅಟ್ಟಲು ಹೋದರೆ ಬಾಗಿಲಿಗೆ ಅಡ್ಡ ಕೋಲು ಹಿಡಿದ.

“ಎಣಿಸಿ ಕೊಡು.”

“ನಿನ್ನ ಮುಂದ ನಾ ಎಂದರ ಎಣಿಸೇನೇನು?”

“ಎಣಿಸಿಲ್ಲ. ಇವತ್ತ ಎಣಸು. ನೀ ಬರೂದು ಕಂಡು ಚಾದಂಗಡಿ ಮಂದೀನೂ ಕರಸೇನಿ, ಅವರೂ ನೋಡ್ಲಿ.”

ನಿನ್ನೆಯ ನಾಲ್ವರೂ ಗೋಡೆಗೆ ಆನಿಕೊಂಡು ನಿಂತಿದ್ದರು. ಮಾಳಿಂಗಪ್ಪ ಒಂದೊಂದಾಗಿ ಎಣಿಸುತ್ತ ಒಳಗೆ ಬಿಟ್ಟ. ನೀಲಿ ಬೆನ್ನುಗಳು ಕಣ್ಣ ಮುಂದೆ ಹಾದವು. ಮೂವತ್ತೊಂದಕ್ಕೆ ನಿಂತ. ಒಳಗೆ ಬಿಟ್ಟಿದ್ದು ಮೂವತ್ತೊಂದೋ ಮೂವತ್ಮೂರೋ ನೆನಪಾಗಲಿಲ್ಲ. ಕುರಿ ಎಣಿಸುವಾಗ ಅವನಿಗೆ ಹೀಗೆ ಎಂದೂ ಆಗಿರಲಿಲ್ಲ. “ಸಾಕು ಬಿಡೋ, ಅವು ನಿನ್ನವ ಅಂತ ತಿಳಕೊ,” ಎಂದ.

ರಸೂಲಸಾಬ ಒಳಗೆ ಹೋದ ಕುರಿಗಳನ್ನೆಲ್ಲ ಹೊರಗೆ ಅಟ್ಟಿ ಮತ್ತೆ ಬಾಗಿಲಲ್ಲಿ ನಿಂತ.

“ಮೊದಲಿಂದ,” ಎಂದ.