ಮಂಗಟ್ಟೆಗೆ ಪುರಾವೆ ಕೇಳಿದ್ದು

ಹೋದ ತಿಂಗಳು ನಮ್ಮ ಮನೆಗೆ ಒಂದು ಹೆಣ ಬಂತು.

ಗಾಬರಿಯಾಗಬೇಡಿ. (ಆಗಬೇಕಾದಷ್ಟು ಗಾಬರಿಯನ್ನು ನಾನೇ ಆಗಿ ಮುಗಿಸಿದ್ದೇನೆ. ನಮ್ಮ ಮನೆಯಲ್ಲಿ ಆ ಖಾತೆ ನನ್ನದೇ.) ಖಾನಾಪುರದಿಂದ ಮಧ್ಯಾಹ್ನದ ರೈಲಿನಲ್ಲಿ, ಗೋಣಿಚೀಲದಲ್ಲಿ ಕೂತು, ಟಿಕೀಟಿಲ್ಲದೆ ಬಂತು. ತಂದವರು ಡಾಕ್ಟರ ವಾಮನರಾಯರು. ಖಾನಾಪುರದಲ್ಲಿ ದವಾಖಾನೆ ನಡೆಸುವ ನನ್ನ ಹಳೆಯ ಸ್ನೇಹಿತರು. ಜೀವ ಉಳಿಸುವುದು ಅವರ ಉದ್ಯೋಗ. ಬೆಳಗಾವಿಯ ಖಾಸಬಾಗದ ನಮ್ಮ ಮನೆಯ ಕಟ್ಟೆಯ ಮೇಲೆ ಚೀಲ ಇಳಿಸಿ, ಬಾಯಿ ಬಿಚ್ಚಿ, ಇಷ್ಟೇ ಹೇಳಿದರು:

"ಪುರಾವೆ ಬೇಕಂತ ಬರದಿದ್ರಲ್ಲಾ ವಕೀಲರ. ತಗೋರಿ."

ಒಳಗಿದ್ದದ್ದು ಮಂಗಟ್ಟೆ ಹಕ್ಕಿ. ದೊಡ್ಡ ಜಾತಿಯದು. ಹಳದಿ ಕೊಕ್ಕು, ಅದರ ಮೇಲೆ ಇನ್ನೊಂದು ಕೊಕ್ಕನ್ನು ಬೋರಲು ಹಾಕಿದಂಥ ಶಿಖೆ. ಖಾನಾಪುರದ ಮರಾಠಿ ಮಂದಿ ಇದನ್ನು ಗರುಡ ಎಂದೇ ಕರೆದು ಕೈಮುಗಿಯುತ್ತಾರೆ. ನಾನೋ, ಬಗ್ಗಿ ಅದರ ಕಣ್ಣಿನ ರೆಪ್ಪೆ ಎತ್ತಿ ನೋಡಿದೆ.

ಪುರಾವೆಯ ಕಥೆ ಮೊದಲು ಹೇಳಬೇಕು, ಇಲ್ಲದಿದ್ದರೆ ಡಾಕ್ಟರರನ್ನು ನೀವು ತಪ್ಪು ತಿಳಿಯುತ್ತೀರಿ.

ನಮ್ಮ ಜಿಲ್ಲೆಯಲ್ಲಿ ಹಕ್ಕಿ ನೋಡುವ ಹುಚ್ಚು ಹಿಡಿದವರು ಬೆರಳೆಣಿಕೆಯಷ್ಟು ಜನ ಇದ್ದೇವೆ. ಒಬ್ಬರು ರೈಲ್ವೆಯವರು, ಒಬ್ಬರು ಶಾಲಾ ಮಾಸ್ತರರು, ಒಬ್ಬರು ಈ ಡಾಕ್ಟರರು. ಇನ್ನೊಬ್ಬ ನಾನು, ಕಕ್ಷಿದಾರರು ಬರದ ದಿನ ಕೋರ್ಟಿನ ಅಂಗಳದ ಮರಗಳಲ್ಲಿ ಹಕ್ಕಿ ಹುಡುಕುವ ವಕೀಲ. (ಅಂಥ ದಿನಗಳಿಗೆ ಬರವಿಲ್ಲ.) ಚಳಿಗಾಲದಲ್ಲಿ ಬಾಲ ಕುಣಿಸುವ ಕುಂಡೆಕುಸ್ಕ ಕೆರೆಯ ದಂಡೆಗೆ ಯಾವಾಗ ಬಂತು, ಮುಂಗಾರಿನ ಮುಂದೆ ಚಾತಕ ಯಾವತ್ತು ಕೂಗಿತು, ಎಂಬುದನ್ನೆಲ್ಲ ಅವರು ಕಾರ್ಡಿನ ಮೇಲೆ ಬರೆದು ನನಗೆ ಹಾಕುತ್ತಾರೆ. ನಾನು ಇಂಗ್ಲಿಷಿಗೆ ಇಳಿಸಿ ಮುಂಬಯಿಗೆ ಕಳಿಸುತ್ತೇನೆ. ಅಲ್ಲಿ ಒಬ್ಬ ಸಾಹೇಬರು ಇಡೀ ಪ್ರಾಂತದ ಹಕ್ಕಿಗಳ ದಾಖಲೆ ಕೂಡಿಸುತ್ತಿದ್ದಾರೆ. ಅವರು ಒಪ್ಪಿದರೆ ಅದು ಅಚ್ಚಾಗುತ್ತದೆ, ಕಂಡವನ ಹೆಸರಿನ ಸಮೇತ.

ಒಪ್ಪಿಸುವುದು ಸುಲಭವಲ್ಲ. ದಿನಾ ಕಾಣುವ ಹಕ್ಕಿಯಾದರೆ ಬಾಯಿಮಾತು ನಡೆಯುತ್ತದೆ. ಅಪರೂಪದ್ದಾದರೆ ಹಕ್ಕಿಯೇ ಖುದ್ದು ಹಾಜರಾಗಬೇಕು. ಅಂದರೆ ಗುಂಡಿಟ್ಟು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಕಳಿಸಬೇಕು. ಹಾರುವ ಹಕ್ಕಿ ಗಾಳಿಮಾತು, ಸತ್ತ ಹಕ್ಕಿ ದಾಖಲೆ. ಇದು ಎಲ್ಲ ಕಡೆಯ ಪದ್ಧತಿ. ಪದ್ಧತಿ ಎಂದ ಮೇಲೆ ಯಾರು ಯೋಚನೆ ಮಾಡುತ್ತಾರೆ?

ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಡಾಕ್ಟರರ ಕಾರ್ಡು ಬಂತು. ಮಲಪ್ರಭೆಯ ಆಚೆ ದಂಡೆಯ ಅತ್ತಿ ಮರಕ್ಕೆ ದೊಡ್ಡ ಮಂಗಟ್ಟೆಯೊಂದು ದಿನಾ ಬರುತ್ತಿದೆಯಂತೆ. ನನಗೆ ಚಿಂತೆ ಹತ್ತಿತು. ಈ ಹಕ್ಕಿ ಘಟ್ಟದ ದಟ್ಟ ಅಡವಿಯದು. ಊರ ಅಂಚಿಗೆ ಬಂದಿದೆ ಎಂದರೆ ಸಾಹೇಬರು ನಂಬುತ್ತಾರೆಯೇ? ಹಿಂದಿನ ವರ್ಷ ಒಂದು ಬಾತುಕೋಳಿಯ ವಿಷಯದಲ್ಲಿ 'ಹಕ್ಕಿ ಎಲ್ಲಿ?' ಎಂದು ಎರಡೇ ಶಬ್ದ ಬರೆದು ನನ್ನ ನಿದ್ದೆ ಕೆಡಿಸಿದ್ದರು. ಇನ್ನೊಮ್ಮೆ ನಗೆಗೀಡಾಗುವುದು ಬೇಡವೆಂದು ಡಾಕ್ಟರರಿಗೆ ಬರೆದೆ: ತಮ್ಮ ಕಣ್ಣಿನ ಮೇಲೆ ನನಗೆ ಪೂರ್ಣ ವಿಶ್ವಾಸವಿದೆ, ಆದರೂ ಪುರಾವೆಯೊಂದು ಸಿಕ್ಕರೆ ಉತ್ತಮ.

ಕೊಲ್ಲಿ ಎಂದು ನಾನು ಬರೆಯಲಿಲ್ಲ. (ಕೊಲ್ಲಿಸುವವರು ಯಾರೂ ಹಾಗೆ ಬರೆಯುವುದಿಲ್ಲ. ಕೋರ್ಟಿನಲ್ಲಿ ಎಷ್ಟು ಸಲ ನೋಡಿಲ್ಲ ನಾನು!) ವಾಮನರಾಯರು ಕೋವಿ ಮುಟ್ಟಿದವರಲ್ಲ. ಆದರೆ ತಮ್ಮ ಮಾತಿನ ಮೇಲೆ ನಾನು ಸಂಶಯಪಟ್ಟೆನೆಂಬುದು ಅವರಿಗೆ ನಾಟಿತ್ತು. ಅಲ್ಲಿಯ ಪಾಟೀಲರ ಹತ್ತಿರ ಲೈಸೆನ್ಸಿನ ಕೋವಿ ಇತ್ತು. ಡಾಕ್ಟರರು ಮರ ತೋರಿಸಿದರು, ಪಾಟೀಲರು ಗುರಿ ತೋರಿಸಿದರು.

ಈಗ ಕಟ್ಟೆಗೆ ಬರೋಣ. ನಾಚಿಕೆಯ ಭಾಗ ಇಲ್ಲಿಂದ ಶುರು.

ನನಗೆ ಖುಷಿಯಾಯಿತು. ಬರೆಯುವಾಗ ಕೈ ಹಿಂದೆಗೆಯುತ್ತದೆ, ಆದರೂ ಖರೇ ಮಾತು. ಆ ಹಕ್ಕಿಯನ್ನು ನೋಡಿದ ಕೂಡಲೇ ನನಗೆ ಕಂಡದ್ದು ಮುಂಬಯಿಯ ಅಚ್ಚಿನ ಪುಟ. ಸತ್ತ ಮೇಲೆ ಕಣ್ಣಿನ ಬಣ್ಣ ಬೇಗ ಮಾಸುತ್ತದೆ, ಬೇಗ ಬರೆದುಕೊಳ್ಳಬೇಕು. 'ಕೆಂಪು, ಅಂದರೆ ಗಂಡು,' ಎಂದೆ. ಹೊಲಿಗೆ ಪೆಟ್ಟಿಗೆಯಿಂದ ಹೆಂಡತಿಯ ಟೇಪು ತಂದು ಕೊಕ್ಕು ಅಳೆಯಲು ಕೂತೆ. ಹೆಂಡತಿ ಬಾಗಿಲಿಗೆ ಬಂದಳು. ಶಿವಪೂಜೆಯ ಮನೆಯ ಹೊಸ್ತಿಲಲ್ಲಿ ಹೆಣವೇ ಎಂದು ಬಯ್ಯಲು ಬಂದಿದ್ದಳು, ಟೇಪು ನೋಡಿ ಬಯ್ಗುಳ ಎರಡು ಪಟ್ಟು ಆಗುವುದರಲ್ಲಿತ್ತು. ಅಷ್ಟರಲ್ಲಿ ನಾನು ಹಕ್ಕಿಯ ಕತ್ತು ಹಿಡಿದು ಎತ್ತಿದೆ. ಗಂಟಲಿನಿಂದ ಅತ್ತಿ ಹಣ್ಣು ಒಂದೊಂದಾಗಿ ಕಟ್ಟೆಯ ಮೇಲೆ ಉದುರಿದವು.

ಆಕೆ ಒಂದನ್ನು ಎತ್ತಿ ತಿರುಗಿಸಿ ನೋಡಿದಳು.

"ಒಂದೂ ಜಜ್ಜಿಲ್ಲಲ್ರೀ. ನುಂಗಾಕ ಇಟ್ಕೊಂಡಿದ್ದಲ್ಲ ಇದು. ಯಾರಿಗೆ ಒಯ್ಯಾಕತ್ತಿತ್ತು?"

ಡಾಕ್ಟರರು ನನ್ನ ಮುಖ ನೋಡಿದರು. ನಾನು ಟೇಪಿನ ಮುಖ ನೋಡಿದೆ.

ಉತ್ತರ ಇಬ್ಬರಿಗೂ ಗೊತ್ತಿತ್ತು. ಮಂಗಟ್ಟೆಯ ಹೆಣ್ಣು ಮೊಟ್ಟೆಯಿಡುವ ಮುಂದೆ ಮರದ ಪೊಟರೆ ಹೊಕ್ಕು, ಹಿಕ್ಕೆ ಮೆತ್ತಿ ಒಳಗಿನಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಮರಿ ಬಲಿಯುವ ತನಕ ಗಂಡು ತಂದು ಕೊಟ್ಟದ್ದೇ ಊಟ. ಹಿಂದೊಮ್ಮೆ ಇದೇ ಅಂಕಣದಲ್ಲಿ ಈ ಹಕ್ಕಿಯ ದಾಂಪತ್ಯವನ್ನು ಕೊಂಡಾಡಿ ಬರೆದು, ಓದಿದವರು ಬೀದಿಯಲ್ಲಿ ನಿಲ್ಲಿಸಿ ಹೊಗಳಿದಾಗ ಬೀಗಿದವನು ನಾನೇ. ಗೊತ್ತಿದ್ದ ವಿಷಯ ಬೇಕಾದ ಗಳಿಗೆಯಲ್ಲಿ ಎಲ್ಲಿ ಹೋಗಿ ಕೂತಿರುತ್ತದೆ?

ಸಂಜೆಯ ರೈಲಿಗೆ ಇಬ್ಬರೂ ಖಾನಾಪುರಕ್ಕೆ ಹೋದೆವು. ಮರುದಿನ ಬೆಳಗಾಗುತ್ತಲೇ ಅತ್ತಿ ಮರದಿಂದ ಹೊರಟು, ಆ ಹಕ್ಕಿ ದಿನಾ ಹಾರಿಹೋಗುತ್ತಿದ್ದ ದಿಕ್ಕು ಹಿಡಿದು ಹುಡುಕಿದೆವು. ಬಿಸಿಲೇರುವ ಹೊತ್ತಿಗೆ ಒಂದು ತಾರೆ ಮರದ ಬುಡದಲ್ಲಿ ಹಣ್ಣಿನ ಬೀಜ, ಹಿಕ್ಕೆ ಗುಡ್ಡೆಯಾಗಿ ಬಿದ್ದದ್ದು ಕಂಡಿತು. ತಲೆ ಎತ್ತಿದೆವು. ಕಾಂಡದಲ್ಲಿ ಮೆತ್ತಿದ ಪೊಟರೆ, ನಡುವೆ ಸೀಳು. ಸೀಳಿನಲ್ಲಿ ಹಳದಿ ಕೊಕ್ಕಿನ ತುದಿ.

ಇದ್ದಳು.

ಪಾಟೀಲರ ಚಕ್ಕಡಿ ಗಾಡಿ ತಂದು ಮರದ ಕೆಳಗೆ ನಿಲ್ಲಿಸಿದೆವು. ಎರಡು ಬಿದಿರು ಜೋಡಿಸಿ ಕಟ್ಟಿ, ತುದಿಗೆ ಅತ್ತಿ ಹಣ್ಣು ಸಿಕ್ಕಿಸಿ, ಕರಿ ಕೋಟಿನ ವಕೀಲ ಚಕ್ಕಡಿಯ ಮೇಲೆ ತುದಿಗಾಲಲ್ಲಿ ನಿಂತು ಸೀಳಿನ ಹತ್ತಿರ ಹಿಡಿದ. (ಕೋಟು ಯಾಕೆ ಹಾಕಿಕೊಂಡು ಹೋಗಿದ್ದೆನೋ ದೇವರೇ ಬಲ್ಲ. ಪರರ ಮನೆಯ ದುಃಖಕ್ಕೆ ಹೋಗುವಾಗ ಹಾಕುವ ರೂಢಿ ಇರಬೇಕು.) ಕೊಕ್ಕು ಒಮ್ಮೆ ಹೊರಬಂದು ಹಣ್ಣನ್ನು ಮುಟ್ಟಿ ನೋಡಿತು. ಆಮೇಲೆ ಒಳಗೆ ಹೋಯಿತು. ಎಷ್ಟು ಹೊತ್ತು ಹಿಡಿದರೂ ಮತ್ತೆ ಬರಲಿಲ್ಲ.

"ಆಕಿ ಹಾದಿ ನೋಡಾಕತ್ತಾಳ," ಎಂದರು ಡಾಕ್ಟರರು ಕೆಳಗಿನಿಂದ.

ಮೆತ್ತಿದ ಗೋಡೆ ಒಡೆದುಬಿಡೋಣವೇ ಎಂಬ ಚರ್ಚೆ ನಡೆಯಿತು. ಒಡೆದರೆ ಒಳಗಿನ ಮರಿ ಕಾಗೆಯ ಪಾಲು. ಒಡೆಯದಿದ್ದರೆ ತಾಯಿ ಮರಿ ಇಬ್ಬರೂ ಹಸಿವಿನ ಪಾಲು. ಗೂಡಿನಲ್ಲಿರುವಾಗ ಹೆಣ್ಣಿನ ರೆಕ್ಕೆಯ ಗರಿಗಳು ಉದುರಿರುತ್ತವೆ ಎಂದು ಓದಿದ ನೆನಪು, ಈಗ ಒಡೆದರೆ ಹಾರಲು ಬರುತ್ತದೆಯೋ ಇಲ್ಲವೋ? ನಾನು ಎರಡೂ ಪಕ್ಷದ ವಾದವನ್ನು ನಾನೇ ಮಂಡಿಸಿ, ನಾನೇ ಖಂಡಿಸಿ, ಬಿದಿರು ಹಿಡಿದು ನಿಂತಿದ್ದೆ.

"ಏನರೆ ಒಂದು ಹೇಳ್ರಿ ವಕೀಲರ," ಎಂದರು ವಾಮನರಾಯರು. ದನಿ ಏರಿಸಲಿಲ್ಲ. "ಪುರಾವೆ ಕೇಳೂಮುಂದ ಭಾಳ ಚಂದ ಬರದಿದ್ರಿ."

ನಾನು ಕೋರ್ಟಿನ ಕೆಲಸವಿದೆ ಎಂದು ಮಧ್ಯಾಹ್ನದ ರೈಲು ಹತ್ತಿ ಬೆಳಗಾವಿಗೆ ಬಂದುಬಿಟ್ಟೆ. ಅವರು ಅಲ್ಲೇ ಉಳಿದರು. ದವಾಖಾನೆ ಮುಗಿಸಿ ದಿನಾ ಹೊಳೆ ದಾಟಿ, ಚಕ್ಕಡಿ ಏರಿ ಹಣ್ಣು ಹಿಡಿಯುತ್ತಿದ್ದರಂತೆ. ಖಾನಾಪುರದ ಮಂದಿ ಡಾಕ್ಟರರ ತಲೆ ಕೆಟ್ಟಿದೆ ಎಂದು ಆಡಿಕೊಂಡರಂತೆ. ಒಂದು ದಿನ ಕೊಕ್ಕು ಹಣ್ಣು ತೆಗೆದುಕೊಂಡಿತಂತೆ. ಕೆಲವು ದಿನಗಳ ಮೇಲೆ ನೋಡಿದರೆ ಗೋಡೆ ಒಳಗಿನಿಂದ ಒಡೆದು ಚೂರುಗಳು ನೆಲದ ಮೇಲೆ ಬಿದ್ದಿದ್ದವು. ಹೆಣ್ಣು ಹೊರಬಂದಿದ್ದಳು, ಮರಿ ಬಾಗಿಲನ್ನು ಮತ್ತೆ ಒಳಗಿನಿಂದ ಮೆತ್ತಿಕೊಳ್ಳುತ್ತಿತ್ತು. ಈಗ ಅದೇ ಅತ್ತಿ ಮರಕ್ಕೆ ತಾನೇ ಹೋಗಿ, ಹಣ್ಣು ತಂದು, ಮರಿಗೆ ತಾನೇ ಕೊಡುತ್ತಿದ್ದಾಳೆ. ಒಬ್ಬಳ ದುಡಿಮೆಯಲ್ಲಿ ಮರಿ ಬದುಕುತ್ತದೆಯೇ? ಹೇಳಲು ಬರುವುದಿಲ್ಲ ಎಂದರು ಡಾಕ್ಟರರು ಆಮೇಲೊಮ್ಮೆ ಬೆಳಗಾವಿಗೆ ಬಂದಾಗ, ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ.

ಗಂಡಿನ ಚರ್ಮ? ಅದನ್ನು ನಾನು ಕಳಿಸಿದೆ. ಸತ್ತದ್ದು ಸತ್ತಿತು, ವ್ಯರ್ಥ ಯಾಕೆ ಮಾಡಬೇಕು ಎಂದು ನನಗೆ ನಾನೇ ವಾದ ಹೇಳಿಕೊಂಡೆ. ಖಾನಾಪುರಕ್ಕೆ ಹೊರಡುವ ಮುನ್ನ ಡಾಕ್ಟರರೇ ನಮ್ಮ ಹಿತ್ತಲಲ್ಲಿ ಕೂತು ಸುಲಿದು ಹತ್ತಿ ತುಂಬಿದ್ದರು. ಚೀಟಿಯ ಮೇಲೆ 'ಹಕ್ಕಿ ದೊರಕಿಸಿದವರು' ಎಂಬಲ್ಲಿ ತಮ್ಮ ಹೆಸರು ಮಾತ್ರ ಬೇಡವೆಂದಿದ್ದರು. ಆ ಜಾಗ ಖಾಲಿ ಬಿಡುವಂತಿಲ್ಲ. ನನ್ನ ಹೆಸರು ಬರೆದೆ. ಅಷ್ಟರಮಟ್ಟಿಗೆ ಆ ಚೀಟಿ ಸತ್ಯವನ್ನೇ ಹೇಳುತ್ತದೆ.

ಮೊನ್ನೆ ಮುಂಬಯಿಯಿಂದ ಉತ್ತರ ಬಂತು. ಸಾಹೇಬರಿಗೆ ಬಹಳ ಸಂತೋಷವಾಗಿದೆ. ಮಾದರಿ ಉತ್ಕೃಷ್ಟವಾಗಿದೆ, ಬೆಳಗಾವಿ ಜಿಲ್ಲೆಯ ಹೆಸರಿನಲ್ಲಿ ದಾಖಲಾಗುತ್ತದೆ, ನನ್ನ ಶ್ರದ್ಧೆ ಇತರರಿಗೆ ಮೇಲ್ಪಂಕ್ತಿಯಾಗಲಿ. ಕೊನೆಯಲ್ಲಿ ಒಂದು ವಿನಂತಿ: ಜೋಡಿ ಪೂರ್ಣವಾಗಲು ಹೆಣ್ಣೊಂದು ಸಿಗಬಹುದೇ?

ಸಿಗದೆ ಏನು? ಮರ ಗೊತ್ತು, ಆಕೆ ಬರುವ ಹೊತ್ತು ಗೊತ್ತು. ಪಾಟೀಲರ ಕೋವಿಯೂ ಅಲ್ಲೇ ಇದೆ. ತಮ್ಮ ಗುರಿ ಮುಂಬಯಿಗೆ ಮುಟ್ಟಿತೆಂಬ ಹಿಗ್ಗಿನಲ್ಲಿ, ಇನ್ನೊಂದು ಬೇಕಾದರೆ ಹೇಳಿರೆಂದು ಡಾಕ್ಟರರಿಗೆ ಆಗಲೇ ಹೇಳಿಟ್ಟಿದ್ದಾರಂತೆ.

ನಾನು ಸಾಹೇಬರಿಗೆ ಬರೆದೆ: ಈ ಜಿಲ್ಲೆಯಲ್ಲಿ ಹೆಣ್ಣನ್ನು ಯಾರೂ ಕಂಡಿಲ್ಲ. ನಾನು ಕಳಿಸಿದ ಸುಳ್ಳು ವರದಿ ಇದೊಂದೇ. (ಮುಂಬಯಿಯವರು ಕನ್ನಡ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಧೈರ್ಯವೂ ರಾತ್ರಿ ಇರುವುದಿಲ್ಲ.) ಕೋವಿ ಎತ್ತಬೇಡಿ ಎಂದು ಪಾಟೀಲರಿಗೆ ಹೇಳಲು ನಾನೇ ಬರುತ್ತೇನೆ ಎಂದು ಡಾಕ್ಟರರಿಗೆ ಕಾರ್ಡು ಹಾಕಿದೆ. ಅವರಿಂದ ಇನ್ನೂ ಉತ್ತರವಿಲ್ಲ.

ಓದುಗರಲ್ಲಿ ಯಾರಿಗಾದರೂ ಖಾನಾಪುರದ ಕಡೆ ಆಕೆ ಕಂಡರೆ, ದಯವಿಟ್ಟು ನನಗೆ ತಿಳಿಸಬೇಡಿ.