ಲಂಗರಿನ ಸರಪಳಿಯ ಚಾಚಾ

ಚಾಚಾನ ಎಡಗಿವಿಯ ಅಂಚು ಯಾವಾಗಲೂ ಕೆಂಪಗಿರುತ್ತಿತ್ತು. ಮಚ್ಚೆ ಅಲ್ಲ, ತುಕ್ಕು. ಸರಪಳಿಯ ಒಂದೊಂದು ಕೊಂಡಿಯನ್ನೂ ಆ ಕಿವಿಗೆ ತಾಗುವಷ್ಟು ಹತ್ತಿರ ಜೋತುಬಿಟ್ಟು, ಬಲಗೈಯ ಸಣ್ಣ ಸುತ್ತಿಗೆಯಿಂದ ಒಂದೇ ಏಟು ಬಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ದಿನಕ್ಕೆ ಐದು ಸಲ ನಮಾಜಿಗೆ ಮುಂಚೆ ಕೈಕಾಲು, ಮುಖ, ಕಿವಿ ತೊಳೆಯುವ ಮನುಷ್ಯ. ಆದರೂ ಆ ಕೆಂಪು ಹೋಗಿದ್ದನ್ನು ನಾನು ನೋಡಲಿಲ್ಲ.

ಅವರ ಅಂಗಡಿ ಕಲಬುರಗಿಯಲ್ಲಿ, ಸೇಡಂ ರಸ್ತೆಯಿಂದ ಒಳಗೆ ಹೋಗುವ ಒಂದು ಸಂದಿಯಲ್ಲಿತ್ತು. ಹಡಗಿನ ಸರಪಳಿ ಮಾರುತ್ತಿದ್ದರು. ಸಮುದ್ರವೇ ಇಲ್ಲದ ಊರಿನಲ್ಲಿ ಹಡಗಿನ ಸರಪಳಿ ಏನಕ್ಕೆ ಎಂದು ಕೇಳಬಹುದು. ನಾನೂ ಕೇಳಿದ್ದೆ. ಗುಜರಾತಿನ ಕಡೆ ಹಳೆಯ ಹಡಗು ಒಡೆಯುತ್ತಾರಂತೆ. ಲಂಗರಿಗೆ ಕಟ್ಟಿದ ಸರಪಳಿ ಅಲ್ಲಿಂದ ಲಾರಿಯಲ್ಲಿ ಬರುತ್ತಿತ್ತು. ದೊಡ್ಡ ಹಡಗಿನದಾದರೆ ಒಂದು ಕೊಂಡಿ ನನ್ನ ತೊಡೆಯಷ್ಟು ದಪ್ಪ. ಅದನ್ನು ಕಲ್ಲಿನ ಗಣಿಯವರು ಒಯ್ಯುತ್ತಿದ್ದರು. ಸಣ್ಣ ದೋಣಿಯ ಸರಪಳಿ ನಮ್ಮಂಥವರಿಗೆ. ಉಪ್ಪುನೀರಿನಲ್ಲಿ ಬಾಳಬೇಕೆಂದು ಅದಕ್ಕೆ ಜಸ್ತ, ಅಂದರೆ ಸತು, ಕುಡಿಸಿರುತ್ತಾರೆ, ಬೇಗ ತುಕ್ಕು ಹಿಡಿಯುವುದಿಲ್ಲ. ಬಾವಿಯ ಕೆಸರಿನಲ್ಲಿ ಪೇಟೆಯ ಸಾದಾ ಸರಪಳಿ ಎರಡು ಬೇಸಿಗೆ ಬಾಳಿದರೆ ಇದು ಹತ್ತು ಬೇಸಿಗೆ ಬಾಳುತ್ತದೆ.

ನಮ್ಮದು ಬಾವಿ ಹೂಳೆತ್ತುವ ಕೆಲಸ. ಊರು ಕಮಲಾಪುರ. ಅಲ್ಲಿ ಕೆಂಪು ಬಾಳೆಯ ತೋಟಗಳಿವೆ, ತೋಟಕ್ಕೊಂದು ಬಾವಿ, ಬಾವಿಗೆ ಪ್ರತಿ ಬೇಸಿಗೆ ಹೂಳು. ಬಾವಿಯ ದಂಡೆಯಲ್ಲಿ ಕ್ರೇನು ನಿಲ್ಲಿಸುತ್ತೇವೆ. ಅದರ ಹಗ್ಗದ ತುದಿಗೆ ಕೊಕ್ಕೆ, ಕೊಕ್ಕೆಗೆ ಸರಪಳಿ, ಸರಪಳಿಗೆ ಕಬ್ಬಿಣದ ದೊಡ್ಡ ಬಕೀಟು. ಕೆಳಗೆ ಇಳಿದವನು ತುಂಬುತ್ತಾನೆ, ಮೇಲಿದ್ದವರು ಎತ್ತುತ್ತೇವೆ. ಕ್ರೇನು ನನ್ನ ಗಂಡನದು. ಅವನು ಜ್ವರ ಬಂದು ಸತ್ತ ಮೇಲೆ ಮೈದುನ ಅದನ್ನು ಮಾರೋಣ ಎಂದ. ನಾನು ಮಾರಲಿಲ್ಲ, ಅದರ ಹಿಡಿಕೆ ಹಿಡಿದು ಕೂತೆ. ಕೆಳಗೆ ಇಳಿಯುವವನು ನನ್ನ ತಮ್ಮ. ನನಗಿಂತ ಹದಿನೈದು ವರ್ಷ ಚಿಕ್ಕವನು, ನಾನೇ ಎತ್ತಿ ಆಡಿಸಿದವನು.

ಮೊದಲ ಸಲ ಅಂಗಡಿಗೆ ಹೋದಾಗ ಚಾಚಾ ನನ್ನನ್ನು ನೋಡಿ, ನನ್ನ ಹಿಂದೆ ನೋಡಿದರು. ಗಂಡಸರು ಯಾರು ಬಂದಿದ್ದಾರೆ ಎಂದು ಕೇಳಿದರು. ಗಂಡಸರು ಬಾವಿಯಲ್ಲಿದ್ದಾರೆ, ಸರಪಳಿ ಕೊಳ್ಳುವವಳು ನಾನು, ಕೊಡುವುದಿದ್ದರೆ ಕೊಡಿ ಎಂದೆ. ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ನಾನು ಬಾಗಿಲಲ್ಲಿ ನೇತಾಡುತ್ತಿದ್ದ ಹೊಳೆಯುವ ಹೊಸ ಸರಪಳಿಗೆ ಬೆರಳು ತೋರಿಸಿದೆ. ಆಗ ಅವರು ಕೇಳಿದ ಮಾತನ್ನು ಆಮೇಲೆ ಎಷ್ಟು ಜನರಿಗೆ ಕೇಳುವುದನ್ನು ನೋಡಿದೆನೋ ಲೆಕ್ಕವಿಲ್ಲ.

"ಇದರ ಕೆಳಗ ಯಾರ ನಿಂದರ್ತಾರ?"

ಯಾರೂ ನಿಲ್ಲುವುದಿಲ್ಲ, ಗೇಟಿಗೆ ಬೇಕು, ಎಮ್ಮೆಗೆ ಬೇಕು ಎಂದವರಿಗೆ ಬಾಗಿಲಲ್ಲಿದ್ದದ್ದನ್ನೇ ಕತ್ತರಿಸಿ ಕೊಡುತ್ತಿದ್ದರು. ಮನುಷ್ಯ ನಿಲ್ಲುತ್ತಾನೆ ಎಂದರೆ ಒಳಗೆ ಹೋಗಿ ಹಡಗಿನ ಮಾಲು ಎಳೆದು ತಂದು, ಕೊಂಡಿ ಕೊಂಡಿ ಬಡಿದು ಕೇಳಿ ಆಮೇಲೆ ಕೊಡುತ್ತಿದ್ದರು. ಅದಕ್ಕೆ ಅರ್ಧ ದಿನ ಹಿಡಿದರೂ ಸರಿಯೇ. ಬಸ್ಸು ತಪ್ಪುತ್ತದೆ ಎಂದರೆ ತಪ್ಪಲಿ ಎನ್ನುತ್ತಿದ್ದರು. ಚಹಾ ಬೇಕೇ ಎಂದೂ ಕೇಳುತ್ತಿರಲಿಲ್ಲ. ಗಡ್ಡಕ್ಕೆ ಮೆಹಂದಿ ಹಚ್ಚುತ್ತಿದ್ದರು, ಅದೂ ಒಂದೇ ಕಡೆ ಜಾಸ್ತಿ. ಒಳ್ಳೆಯ ಮನುಷ್ಯ ಎಂದು ಮೊದಲ ನೋಟಕ್ಕೆ ಯಾರಿಗೂ ಅನ್ನಿಸುತ್ತಿರಲಿಲ್ಲ.

ಕಾಯುತ್ತ ಕೂತಾಗ ಒಮ್ಮೆ ಕೇಳಿದೆ, "ಚಾಚಾ, ಹಡಗ ನೋಡೀರೇನ್ರಿ?"

"ಇಲ್ಲ ತಂಗಿ. ಸಮುದ್ರನೂ ನೋಡಿಲ್ಲ."

"ಮತ್ತ ಇಷ್ಟೆಲ್ಲ ಹ್ಯಾಂಗ ತಿಳೀತು?"

"ಹಡಗ ನೋಡಿ ಏನ ಮಾಡ್ಲಿ? ಹಡಗ ಹಿಡದಿದ್ದು ನೋಡ್ಲಾಕತ್ತೀನಲ್ಲ."

ಈಗ ನನ್ನ ತಪ್ಪು ಹೇಳುತ್ತೇನೆ. ಮಹಾನವಮಿಗೆ ನಮ್ಮ ಕಡೆ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಪೂಜೆ ಮಾಡುತ್ತೇವೆ. ಟ್ರ್ಯಾಕ್ಟರು ಇದ್ದವರು ಟ್ರ್ಯಾಕ್ಟರಿಗೆ ಬಣ್ಣ ಹೊಡೆಸುತ್ತಾರೆ. ಒಂದು ವರ್ಷ ಕೆಲಸ ಚೆನ್ನಾಗಿ ಸಿಕ್ಕಿತ್ತು. ನಾನು ಒಂದು ಡಬ್ಬಿ ಬೆಳ್ಳಿ ಬಣ್ಣ ತಂದು ಕ್ರೇನಿಗೆ, ಬಕೀಟಿಗೆ ಹಚ್ಚಿದೆ. ಡಬ್ಬಿಯಲ್ಲಿ ಇನ್ನೂ ಉಳಿದಿತ್ತು. ಸರಪಳಿಗೂ ಹಚ್ಚಿದೆ, ಎರಡು ಸಲ, ಅಲ್ಲಲ್ಲಿ ಬಂದಿದ್ದ ತುಕ್ಕಿನ ಮೇಲೆಯೇ. ತಮ್ಮ ನೋಡಿ, "ಅಕ್ಕಾ, ಸರಪಳಿ ಮದಿಮಗಳ ಆಗ್ಯಾಳ" ಎಂದು ನಕ್ಕ. ನನಗೂ ಹೆಮ್ಮೆಯಾಯಿತು. ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದೆ.

ಆ ವರ್ಷ ಮಳೆ ಕೈಕೊಟ್ಟು ಬಾವಿಗಳು ಬೇಗ ಬತ್ತಿದ್ದವು, ಹಬ್ಬ ಮುಗಿದ ವಾರಕ್ಕೇ ಒಂದು ತೋಟದ ಕೆಲಸ ಬಂತು. ಆಳದ ಬಾವಿ. ಕೊಕ್ಕೆಗೂ ಸರಪಳಿಗೂ ನಡುವೆ ಇರುವ ಕೊಂಡಿ ಸವೆದಿತ್ತು. ಅದೊಂದನ್ನೇ ಬದಲಿಸಿ ತರೋಣ, ಅಳತೆಗೆ ಇರಲಿ ಎಂದು ಸರಪಳಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆ ತಮ್ಮ ಬಾವಿಗೆ ಇಳಿಯುವುದಿತ್ತು.

ಚಾಚಾ ಚೀಲಕ್ಕೆ ಕೈ ಹಾಕಿ ಸರಪಳಿ ಹೊರಗೆ ಎಳೆದರು. ಒಂದು ಕೊಂಡಿ ಕಿವಿಗೆ ಹಿಡಿದು ಬಡಿದರು. ಠಪ್ ಎಂದಿತು. ಇನ್ನೊಂದು ಬಡಿದರು. ಅದೂ ಠಪ್. ಎಲ್ಲವೂ ಠಪ್. ದಪ್ಪ ಬಣ್ಣ ಕೂತು ಸರಪಳಿಯ ದನಿಯೇ ಸತ್ತಿತ್ತು. ಸುತ್ತಿಗೆ ಕೆಳಗಿಟ್ಟರು.

"ಇದರ ಬಾಯಾಗ ಬಟ್ಟಿ ತುರುಕಿ ತಂದೀ. ಈಗ ನಾ ಏನ ಕೇಳ್ಲಿ?"

ಹಬ್ಬಕ್ಕೆ ಹಚ್ಚಿದ್ದು ಎಂದೆ. ಅವರು ಒಳಗೆ ಹೋಗಿ ಸೀಮೆಎಣ್ಣೆ, ತಂತಿಯ ಬ್ರಷ್ಷು ತಂದು ನನ್ನ ಮುಂದೆ ಕುಕ್ಕಿದರು. ಅಂಗಡಿಯ ಆಳು ತಾನು ಉಜ್ಜುತ್ತೇನೆ ಎಂದು ಬಂದ. ಚಾಚಾ ಅವನನ್ನು ಗದರಿಸಿ ಕಳಿಸಿದರು. ಹಚ್ಚಿದ ಕೈಯೇ ತೆಗೆಯಲಿ ಎಂದರು. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಉಜ್ಜಿದೆ. ಹೋಗುವವರು ಬರುವವರು ನೋಡಿದರು. ಮನಸ್ಸಿನಲ್ಲಿ ಅವರಿಗೆ ಬಯ್ಯುತ್ತಲೇ ಉಜ್ಜಿದೆ. ಬೇರೆ ಅಂಗಡಿ ಇಲ್ಲವೇ, ಎದ್ದು ಹೋಗಲೇ ಎಂದೂ ಅನ್ನಿಸಿತು. ಚಾಚಾ ಮಧ್ಯಾಹ್ನದ ನಮಾಜಿಗೆ ಹೋಗಿ ಬಂದರೂ ಅರ್ಧ ಸರಪಳಿ ಬಾಕಿ ಇತ್ತು.

ಹತ್ತೊಂಬತ್ತನೆಯದೋ ಇಪ್ಪತ್ತನೆಯದೋ ಕೊಂಡಿ. ಬೆಳ್ಳಿ ಹೋಯಿತು, ಕೆಳಗಿನ ತುಕ್ಕು ಹೋಯಿತು, ಅದರ ಕೆಳಗೆ ಕೂದಲೆಳೆಯಷ್ಟು ಒಂದು ಗೆರೆ ಉಳಿಯಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಗೆರೆಯ ಒಳಗೂ ಬೆಳ್ಳಿ ಬಣ್ಣ ಇಳಿದಿತ್ತು. ನಾನು ಕರೆಯಲಿಲ್ಲ, ಕೈ ನಿಂತಿದ್ದನ್ನು ನೋಡಿ ಅವರೇ ಬಂದರು. ಆ ಕೊಂಡಿಯನ್ನು ಕತ್ತರಿಸಿ ತೆಗೆದು, ಇಕ್ಕಳದಲ್ಲಿ ಬಿಗಿದು, ದೊಡ್ಡ ಸುತ್ತಿಗೆಯಿಂದ ಎರಡು ಏಟು ಹಾಕಿದರು. ಎರಡನೆಯ ಏಟಿಗೆ ಅದು ಬಾಯಿ ಬಿಟ್ಟಿತು.

"ಕೆಳಗ ಯಾರ ನಿಂದರ್ತಾರ?"

"ನನ್ನ ತಮ್ಮ."

ಅದರ ಮೇಲೆ ಅವರು ಒಂದು ಬಯ್ಗುಳವನ್ನೂ ಆಡಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಬಾಯಿಬಿಟ್ಟ ಕೊಂಡಿಯನ್ನು ನನ್ನ ಕೈಯಲ್ಲಿಟ್ಟು, "ಒಯ್ಯಿ. ದೇವರ ಮುಂದ ಇಡಬ್ಯಾಡ, ನಿನ್ನ ಕಣ್ಣ ಮುಂದ ಇಡು" ಎಂದರು. ಆಮೇಲೆ ಒಳಗಿನಿಂದ ಬೇರೆ ಸರಪಳಿ ತಂದು, ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, ಬಡಿದು ಕೇಳುವುದನ್ನು ಕಲಿಸಿದರು. ಒಳ್ಳೆಯ ಕೊಂಡಿ ಠಣ್ ಎಂದು, ಸುತ್ತಿಗೆ ತೆಗೆದ ಮೇಲೂ ಸ್ವಲ್ಪ ಹೊತ್ತು ಹಾಡುತ್ತದೆ. ಬಿರುಕು ಬಿಟ್ಟದ್ದು ನೆಗಡಿಯಾದವರ ಹಾಗೆ ಮಾತಾಡುತ್ತದೆ. ಅದನ್ನು ಪಕ್ಕಾ ತಿಳಿಯುವ ತನಕ ನನ್ನನ್ನು ಬಿಡಲಿಲ್ಲ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅಷ್ಟು ಹೊತ್ತು ಕೂರಿಸಿಕೊಂಡು ಯಾರೂ ಏನನ್ನೂ ಕಲಿಸಿರಲಿಲ್ಲ.

ಎರಡು ಮೂರು ವರ್ಷ ಕಳೆದಿರಬೇಕು. ನಾನು ಅಂಗಡಿಯಲ್ಲಿ ಕೂತಿದ್ದಾಗ ಕಡಲ ಕಡೆಯಿಂದ ಒಬ್ಬ ವ್ಯಾಪಾರಿ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ದೊಡ್ಡ ಮೊಬೈಲು. ಚಾಚಾನ ಹತ್ತಿರ ಇರುವ ಸಣ್ಣ ದೋಣಿಯ ಹಳೆಯ ಸರಪಳಿ ಅಷ್ಟೂ ತನಗೆ ಬೇಕು ಎಂದ. ಮೀನು ಹಿಡಿಯುವ ದೋಣಿಯವರು ಈಗ ತುಕ್ಕು ಹಿಡಿಯದ ಲಂಗರಿನ ಸರಪಳಿಯನ್ನೇ ಕೇಳುತ್ತಾರಂತೆ. ಹೊಸದು ದುಬಾರಿ, ಸಿಗುವುದೂ ತಡ. ಈ ಹಳೆಯದನ್ನು ಒಯ್ದು, ಕಾದ ಜಸ್ತದಲ್ಲಿ ಅದ್ದಿ ತೆಗೆದರೆ ಹೊಸದರ ಹಾಗೇ ಬೆಳ್ಳಗಾಗುತ್ತದೆ, ಹೊಸದೆಂದೇ ಹೋಗುತ್ತದೆ ಎಂದು ಮುಚ್ಚುಮರೆ ಇಲ್ಲದೆ ಹೇಳಿದ. ಅಂಗಡಿಯಲ್ಲೇ ದುಡಿಯುತ್ತಿದ್ದ ಚಾಚಾನ ಮಗನ ಮುಖ ಅರಳಿತು. ಅದು ತಪ್ಪೂ ಅಲ್ಲ. ಹಡಗು ಒಡೆಯುವ ಕಡೆಯಿಂದ ಮಾಲು ಬರುವುದು ಕಡಿಮೆಯಾಗಿತ್ತು, ಎಲ್ಲ ನೇರ ಕಬ್ಬಿಣ ಕರಗಿಸುವ ಭಟ್ಟಿಗೆ ಹೋಗುತ್ತಿತ್ತು. ಗಣಿಯವರು ಕಾಗದಪತ್ರ ಇರುವ ಹೊಸ ಮಾಲನ್ನೇ ತರಿಸುತ್ತಿದ್ದರು. ಅಂಗಡಿಗೆ ದಿನಕ್ಕೆ ಒಬ್ಬ ಬಂದರೆ ಹೆಚ್ಚು.

ಅದ್ದುವ ಮುಂಚೆ ಬಡಿದು ನೋಡುತ್ತೀರೇನು ಎಂದು ಚಾಚಾ ಕೇಳಿದರು. ವ್ಯಾಪಾರಿ ನಕ್ಕ. ಬೆಳ್ಳಗಾದ ಮೇಲೆ ಯಾರು ಬಡಿದು ನೋಡುತ್ತಾರೆ ಎಂದ.

"ಇದರ ಕೆಳಗ ಯಾರ ನಿಂದರ್ತಾರ?"

ಯಾರೂ ಇಲ್ಲ, ಕೆಳಗೆ ನೀರು ಎಂದ ವ್ಯಾಪಾರಿ.

"ಮ್ಯಾಲ? ದೋಣ್ಯಾಗ?"

ಅವನು ಮೊಬೈಲು ನೋಡಿದ. ಆಗ ಚಾಚಾ ನನ್ನ ಕಡೆ ಕೈ ತೋರಿಸಿದರು. ಎಲ್ಲಿ ಮಾನ ತೆಗೆಯುತ್ತಾರೋ ಎಂದು ನಾನು ಸೆರಗು ಎಳೆದುಕೊಂಡೆ.

"ನಮ್ಮ ಈ ತಂಗಿ ಒಮ್ಮಿ ಸರಪಳಿಗಿ ಬೆಳ್ಳಿ ಬಣ್ಣ ಹಚ್ಚಿದ್ದಳು. ಆಕಿ ತಿಳೀಲಾರದ ಹಚ್ಚಿದ್ದಳು. ನೀವು ತಿಳದು ಹಚ್ಚಲಾಕತ್ತೀರಿ."

ಅಷ್ಟೇ ಹೇಳಿ ಸುಮ್ಮನಾಗಲಿಲ್ಲ. ದಾರಿಯನ್ನೂ ತೋರಿಸಿದರು. ಒಂದೊಂದೂ ಬಡಿದು, ಹಾಡಿದ್ದನ್ನು ಮಾತ್ರ ಕೊಡುತ್ತೇನೆ, ಹಳೆಯ ಮಾಲು ಎಂದು ಚೀಟಿ ಬರೆದು ಕೊಡುತ್ತೇನೆ, ಚೀಟಿ ಸಮೇತ ಮಾರಿ ಎಂದರು. ವ್ಯಾಪಾರಿಗೆ ಚೀಟಿ ಬೇಕಿರಲಿಲ್ಲ. ಎದ್ದು ಹೋದ. ಮಗ ಅಪ್ಪನ ಜೊತೆ ಎಷ್ಟೋ ದಿನ ಮಾತಾಡಲಿಲ್ಲ, ಆಮೇಲೆ ಪಕ್ಕದಲ್ಲೇ ಕಿಟಕಿ ಗೇಟಿನ ಅಂಗಡಿ ಹಾಕಿಕೊಂಡ. ಮಾಲು ಒಳಗೇ ಬಿದ್ದಿತ್ತು. ಮುದುಕನಿಗೆ ಬುದ್ಧಿ ಇಲ್ಲ ಎಂದು ನಾನೂ ಅಂದುಕೊಂಡೆ. ಆ ಬಿದ್ದ ಮಾಲಿನಿಂದಲೇ ಮುಂದೆ ಎಷ್ಟೋ ವರ್ಷ ನಮ್ಮ ಬಕೀಟು ಮೇಲೆ ಬಂತು, ತಮ್ಮನೂ ಬಂದ.

ಕಡೆಯ ವರ್ಷಗಳಲ್ಲಿ ಚಾಚಾಗೆ ಕಿವಿ ಕೇಳಿಸುತ್ತಿರಲಿಲ್ಲ. ಗಿರಾಕಿಗಳಿಗೆ ಜೋರಾಗಿ ಮಾತಾಡಿ ಎಂದು ಸಿಟ್ಟು ಮಾಡುತ್ತಿದ್ದರು. ಆದರೂ ಕೊಂಡಿಯನ್ನು ಆ ಕೆಂಪು ಕಿವಿಗೆ ಹಿಡಿಯುವುದು ಬಿಡಲಿಲ್ಲ. ಬಡಿಯುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ತಲೆ ಆಡಿಸುತ್ತಿದ್ದರು. ನನಗೆ ಗೊತ್ತಾಗಿತ್ತು. ಎಲ್ಲರಿಗೂ ಮುಖದ ಮೇಲೆ ಹೇಳುವವಳು ನಾನು, ಅವರಿಗೆ ಹೇಳಲಿಲ್ಲ. ಅವರು ಬಡಿದು ಕೊಟ್ಟದ್ದನ್ನು ನಾನು ಊರಿಗೆ ತಂದು ಇನ್ನೊಮ್ಮೆ ಬಡಿಯುತ್ತಿದ್ದೆ. ಎಂದೂ ತಪ್ಪು ಸಿಗಲಿಲ್ಲ. ಎಷ್ಟೋ ವರ್ಷಗಳಿಂದ ಪಳಗಿದ ಕೈ ಅದು, ಕಿವಿ ಇಲ್ಲದೆಯೂ ತಿಳಿಯುತ್ತಿತ್ತೋ ಏನೋ.

ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮಗ ಫೋನು ಮಾಡಿದ. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಹೆಂಗಸರ ಜೊತೆ ಒಳಗೆ ಸ್ವಲ್ಪ ಹೊತ್ತು ಕೂತೆ. ಅಳಲಿಲ್ಲ, ನನಗೆ ಅಳು ಬೇಗ ಬರುವುದಿಲ್ಲ. ಹೊರಡುವಾಗ ಮಗ ಬಾಗಿಲಿಗೆ ಬಂದು, ಮೈ ತೊಳೆಯುವಾಗ ಆ ಕಿವಿಯನ್ನು ಎಷ್ಟು ತಿಕ್ಕಿದರೂ ಕೆಂಪು ಹೋಗಲಿಲ್ಲ, ಹಾಗೇ ಕಳಿಸಿದೆವು ಎಂದ. ಆಮೇಲೆ ಅಂಗಡಿಗೆ ಕರೆದುಕೊಂಡು ಹೋಗಿ ಮೂಲೆಯಲ್ಲಿದ್ದ ಒಂದು ಚೀಲ ತೋರಿಸಿದ.

"ಕಮಲಾಪುರದ ತಂಗಿದು ಅಂತ ಅಬ್ಬಾ ತೆಗದಿಟ್ಟಾರ್ರಿ. ‘ಎಲ್ಲಾ ಬಡದು ನೋಡೀನಿ, ಆಕಿ ತಮ್ಮ ಮುದುಕ ಆಗೋತನಕ ಸಾಲತದ’ ಅಂದಿದ್ರು."

ಚೀಲ ತಂದೆ. ತಮ್ಮ ಬಿಚ್ಚಿ ಸರಪಳಿಯನ್ನು ಕೊಕ್ಕೆಗೆ ಹಾಕಲು ಹೋದ. ತಡೆ ಎಂದೆ. ಚಾಚಾ ನೋಡಿದ್ದನ್ನು ಮತ್ತೇನು ನೋಡುತ್ತೀ ಎಂದ. ನಾನು ಅಂಗಳದಲ್ಲಿ ಕೂತು ಒಂದೊಂದೇ ಕೊಂಡಿ ಕಿವಿಗೆ ಹಿಡಿದು ಬಡಿದೆ. ಠಣ್, ಠಣ್, ಠಣ್. ಎಲ್ಲ ಹಾಡಿದವು. ಕೊನೆಗೆ ಇನ್ನು ನಾಲ್ಕು ಇವೆ ಎನ್ನುವಾಗ ಒಂದು ಠಪ್ ಎಂದಿತು. ಮತ್ತೆ ಬಡಿದೆ. ಅದೇ ಠಪ್. ತಂತಿಯ ಬ್ರಷ್ಷಿನಿಂದ ಉಜ್ಜಿದೆ, ಗೆರೆ ಸಿಕ್ಕಿತು.

ಚಾಚಾನ ಕಿವಿ ತಪ್ಪಿದ್ದು ನನಗೆ ತಿಳಿದಂತೆ ಅದೊಂದೇ ಸಲ. ಆ ಕೊಂಡಿಯನ್ನು ಕತ್ತರಿಸಿ ತೆಗೆದೆ. ಮಗನಿಗೆ ಹೇಳಲಿಲ್ಲ, ಹೇಳುವುದೂ ಇಲ್ಲ. ಬಾಗಿಲ ಪಕ್ಕದ ಮೊಳೆಗೆ ಆ ಹಳೆಯ ಬಾಯಿಬಿಟ್ಟ ಕೊಂಡಿ ನೇತಾಡುತ್ತಿತ್ತು, ಇದನ್ನೂ ಅದರ ಜೊತೆಗೇ ಹಾಕಿದೆ. ಒಂದು ನನ್ನ ತಪ್ಪು, ಒಂದು ಅವರದು. ಒಂದರ ಬಾಯಿ ಬಿಡಿಸಿದ್ದು ಅವರ ಏಟು, ಇನ್ನೊಂದನ್ನು ಹಿಡಿದದ್ದು ಅವರು ಕಲಿಸಿದ ಏಟು.

ಮರುದಿನ ತೋಟದಲ್ಲಿ ಕ್ರೇನು ನಿಲ್ಲಿಸಿ ಸರಪಳಿ ಕಟ್ಟಿದೆವು. ತಮ್ಮ ಬಾವಿಯ ದಂಡೆಗೆ ಬಂದು ಒಳಗೆ ಇಣುಕಿದ.

"ಇಳೀಲೇನಕ್ಕಾ?" ಎಂದ.

"ಇಳಿ" ಎಂದೆ.