ಹಳೇ ಕೋರ್ಟಿನ ಗೋಡೆಯ ತೂತು

ಅವತ್ತೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ, ಹಾಲು ಕಾಯಿಸಿದೆ. ಯಜಮಾನರ ಡಬ್ಬಿಗೆ ಚಿತ್ರಾನ್ನ ಕಲಸುವಾಗ ಉಪ್ಪು ಹಾಕಿದೆನೋ ಇಲ್ಲವೋ ಮರೆತುಹೋಯಿತು. ರುಚಿ ನೋಡಿದರೂ ನಾಲಿಗೆಗೆ ತಿಳಿಯಲಿಲ್ಲ. ಸೀರೆ ಆರಿಸುವುದಂತೂ ದೊಡ್ಡ ಕೆಲಸವಾಯಿತು. ಕೋರ್ಟಿಗೆ ಎಂಥದ್ದು ಉಡುತ್ತಾರೋ ಯಾರಿಗೆ ಗೊತ್ತು!

"ಸ್ಕೂಲ್ ಮೀಟಿಂಗಿಗೆ ಉಡ್ತೀಯಲ್ಲ, ಅದನ್ನೇ ಉಟ್ಕೋ," ಅಂದರು ಯಜಮಾನರು, ಶೂ ಹಾಕಿಕೊಳ್ಳುತ್ತಾ. "ಕೇಳಿದ್ದಕ್ಕಷ್ಟೇ ಉತ್ತರ ಹೇಳು."

ನಾನು ಸಾಕ್ಷಿ ಹೇಳಬೇಕಿದ್ದದ್ದು ಅಕ್ಕನ ಪರವಾಗಿ, ಅಣ್ಣನ ವಿರುದ್ಧ. ಇಬ್ಬರೂ ದೊಡ್ಡಮ್ಮನ ಮಕ್ಕಳು. ಕಾನ್ವೆಂಟಿಗೆ ಸೇರಲೆಂದು ಕೋಲಾರಕ್ಕೆ ಬಂದ ನಾನು ಬೆಳೆದದ್ದು ಅವರ ಮನೆಯಲ್ಲೇ. ನನಗೆ ಒಡಹುಟ್ಟಿದವರಿಲ್ಲ. ಗೌರಿ ಹಬ್ಬ ಬಂತೆಂದರೆ ತವರಿನ ಬಾಗಿನ ಹಿಡಿದು ಬರುವವನು ಈ ಅಣ್ಣನೇ.

ಕ್ಯಾಲನೂರಿನ ಹತ್ತಿರ ಅವರಿಗೊಂದು ತೋಟವಿದೆ. ಗಂಡ ತೀರಿಕೊಂಡ ಮೇಲೆ ಅಕ್ಕ ಅಲ್ಲಿನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದು, ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಅಣ್ಣ ತೋಟವನ್ನು ಲೇಔಟಿನವರಿಗೆ ಮಾರಲು ಹೊರಟ. ಅಕ್ಕ ತನ್ನ ಪಾಲು ಕೇಳಿದಳು. ದೊಡ್ಡಪ್ಪ ಹೋದ ಮೇಲೆ ಮನೆಯಲ್ಲಿ ಪಂಚಾಯ್ತಿ ನಡೆದಿದೆ, ಪಾಲು ಬೇಡವೆಂದು ಒಪ್ಪಿ ಹಿರಿಯರಿಗೆ ಇವಳೇ ಕೈಯಾರೆ ತಾಂಬೂಲ ಕೊಟ್ಟಿದ್ದಾಳೆ ಎನ್ನುವುದು ಅಣ್ಣನ ವಾದ. ನಮ್ಮ ಕಡೆ ಮಾತುಕತೆಯ ಕೊನೆಗೆ ತಾಂಬೂಲ ಕೊಟ್ಟರೆಂದರೆ ಮಾತು ಮುಗಿಯಿತು ಅಂತಲೇ ಲೆಕ್ಕ. ಅವಳು ಕೊಟ್ಟದ್ದೂ ನಿಜ. ಆದರೆ ಯಾಕೆ ಕೊಟ್ಟಳು ಎಂಬುದನ್ನು ಕಂಡವಳು, ದೊಡ್ಡಮ್ಮನೂ ಹೋದ ಮೇಲೆ, ನಾನೊಬ್ಬಳೇ.

ಹಳೇ ಕೋರ್ಟು ಪೇಟೆಯ ನಡುವೆಯೇ ಇದೆ. ಶಾಲೆಗೆ ಹೋಗುವಾಗ ದಿನಾ ಅದರ ಮುಂದೆ ಹಾದಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಮಹಾರಾಜರ ಕಾಲದ ಕಟ್ಟಡ ಅನ್ನುತ್ತಾರೆ. ಮೊದಲು ಖಜಾನೆಯಾಗಿತ್ತು ಅನ್ನುವವರೂ ಉಂಟು, ಕುದುರೆ ಲಾಯವಾಗಿತ್ತು ಅನ್ನುವವರೂ ಉಂಟು. ಬಾಗಿಲ ಮೇಲೆ ಗಾರೆಯ ಗಂಡಭೇರುಂಡ. ವರ್ಷವರ್ಷ ಬಳಿದ ಸುಣ್ಣ ಕೂತು ಕೂತು ಅದರ ಎರಡು ಕೊಕ್ಕೂ ಮೊಂಡಾಗಿವೆ. ಕಲ್ಲಿನ ಮೆಟ್ಟಿಲುಗಳು ನಡುಮಧ್ಯೆ ಒರಳಿನ ಹಾಗೆ ಸವೆದಿವೆ. ಎಷ್ಟು ಜನ ಹೆದರಿಕೊಂಡು ಹತ್ತಿರಬೇಕು ಅನ್ನಿಸಿತು. ಕಮಾನುಗಳ ಉದ್ದನೆಯ ಜಗಲಿ, ಗೋಡೆಗೆ ಒತ್ತಿ ಮರದ ಬೆಂಚು. ಸಾಕ್ಷಿಯವರು ಹೊರಗೇ ಕಾಯಬೇಕು ಅಂತ ನನ್ನನ್ನು ಅಲ್ಲಿ ಕೂರಿಸಿದರು.

ನನ್ನ ಕಿವಿಯ ಪಕ್ಕದಲ್ಲೇ ಗೋಡೆಗೊಂದು ತೂತು, ಲೋಟದ ಬಾಯಿಯಷ್ಟು. ಅಂಚಿನ ಕಲ್ಲಿನಲ್ಲಿ ಉಜ್ಜಿ ಉಜ್ಜಿ ಬಿದ್ದ ಗೀರು.

"ಗಾಳಿ ಬೀಸಕ್ಕೆ ಒಳಗೆ ಬಟ್ಟೆ ಪಂಕ ತೂಗ್ತಿತ್ತಂತೆ ಆಂಟಿ, ಕರೆಂಟಿಲ್ಲದ ಕಾಲದಲ್ಲಿ," ಅಂದಳು ಅಕ್ಕನ ವಕೀಲೆ, ಚಿಕ್ಕ ಹುಡುಗಿ. "ಆಳು ಇಲ್ಲಿ ಹೊರಗೆ ಕೂತು ಈ ತೂತಿಂದ ಹಗ್ಗ ಎಳೀತಿದ್ದ."

ಒಳಗೆ ಯಾರದ್ದೋ ಬಾವಿಯ ವ್ಯಾಜ್ಯ ನಡೆದಿತ್ತು. ಮುದುಕರೊಬ್ಬರು ಕಟಕಟೆಯಲ್ಲಿ ನಿಂತು ಆಡಿದ ಒಂದೊಂದು ಮಾತೂ, ಕೆಮ್ಮು ಸಮೇತ, ನನ್ನ ಕಿವಿಯಲ್ಲೇ ಆಡಿದಂತೆ ಕೇಳಿಸಿತು. ನಾನು ಹೇಳುವುದೂ ಹೊರಗೆ ಹೀಗೇ ಕೇಳಿಸುತ್ತದಲ್ಲ ಅನ್ನಿಸಿತು. ಆಗಲೇ ಅಣ್ಣ ಬಂದು ಬೆಂಚಿನ ಆ ತುದಿಯಲ್ಲಿ ಕೂತಿದ್ದ.

"ಏನಮ್ಮಾ, ಇಂಗ್ಲಿಷಲ್ಲಿ ಹೇಳ್ತೀಯೋ, ಕನ್ನಡದಲ್ಲೋ?" ಅಂದ. "ಆ ಕಾನ್ವೆಂಟಿಗೆ ಹಾಕಿದ್ದು ನಮ್ಮಪ್ಪ. ನೆನಪಿರ್ಲಿ."

"ನೆನಪಿದೆ ಅಣ್ಣಯ್ಯ. ನೀನು ಒಳಗೆ ಬರಲ್ವಾ?"

"ನಿನ್ನ ಮುಖ ನೋಡ್ಕೊಂಡು ಕೇಳಕ್ಕಾಗಲ್ಲ. ಇಲ್ಲೇ ಕೇಳ್ಸುತ್ತೆ."

ಹೆಸರು ಮೂರು ಸಲ ಕೂಗಿದರು. ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನ ಕೈ ಹಿಡಿದು "ಭಯಪಡಕು" ಅಂದಳು. ಹೆದರಬೇಡ ಅಂತ. ಗಾಬರಿಯಾದರೆ ಅವಳಿಗೆ ತೆಲುಗೇ ಬರುವುದು. ನಿಜವಾಗಿ ಹೆದರಿದ್ದವಳು ಅವಳೇ, ಅಂಗೈ ತಣ್ಣಗಿತ್ತು.

ನನ್ನ ಹೇಳಿಕೆಯನ್ನು ಮೊದಲೇ ಬರೆದು ಸಲ್ಲಿಸಿದ್ದರು. ಪಂಚಾಯ್ತಿಯ ದಿನ ನನಗೆ ಮೈ ಹುಷಾರಿರಲಿಲ್ಲ, ಅದಕ್ಕೇ ತಾಂಬೂಲದ ತಟ್ಟೆ ಅಕ್ಕನ ಕೈಗೆ ಹೋಯಿತು ಎಂದು ಅದರಲ್ಲಿತ್ತು. ಹಾಗೆ ಬರೆಯಿರಿ ಅಂದವಳು ನಾನೇ. ನಮ್ಮಲ್ಲಿ ಅದನ್ನು ಹಾಗೇ ತಾನೇ ಹೇಳುವುದು? ಆ ಒಂದು ಮಾತನ್ನೇ ಅಣ್ಣನ ವಕೀಲರು ಪಾಟೀಸವಾಲಿನಲ್ಲಿ ಹಿಡಿದುಕೊಂಡರು.

"ಬಂದವರಿಗೆ ತಾಂಬೂಲ ಕೊಡೋದು ನಿಮ್ಮ ಕೆಲಸ ಅಂತೀರಿ."

"ಹೌದು ಸರ್. ದೊಡ್ಡಮ್ಮ ವಿಧವೆ, ಕೊಡೋ ಹಾಗಿರ್ಲಿಲ್ಲ. ಅತ್ತಿಗೆ ಬಾಣಂತನಕ್ಕೆ ಹೋಗಿದ್ರು. ಭಾವ ಆಗ ಇದ್ರು, ಅಕ್ಕ ಗಂಡನ ಮನೆಯಿಂದ ಎರಡು ದಿನಕ್ಕೆ ಬಂದವಳು."

"ಅವತ್ತೇ ಹುಷಾರು ತಪ್ತು. ಏನು ಕಾಯಿಲೆ? ಯಾವ ಡಾಕ್ಟ್ರು?"

ನಾನು ಕಟಕಟೆಯ ಅಂಚು ಹಿಡಿದುಕೊಂಡೆ.

"ಕಾಯಿಲೆನೇ ಇರ್ಲಿಲ್ಲ. ನಿಮ್ಮಕ್ಕ ಒಪ್ಪಿಕೊಂಡು, ತಾವಾಗಿ ತಟ್ಟೆ ತಂದ್ರು. ನೀವು ಸುಳ್ಳು ಹೇಳ್ತಿದ್ದೀರಿ."

ಕಣ್ಣೆತ್ತಿದೆ. ಎತ್ತರದ ಸೂರಿನ ತೊಲೆಗಳಲ್ಲಿ ಪಂಕದ ಕಬ್ಬಿಣದ ಕೊಂಡಿಗಳು ಇನ್ನೂ ಇದ್ದವು, ಒಂದಕ್ಕೆ ಜೇಡರ ಬಲೆ. ಅಲ್ಲಿಂದ ಕಣ್ಣು ತಾನಾಗಿ ಗೋಡೆಗಿಳಿದು ಆ ತೂತಿನ ಹತ್ತಿರ ನಿಂತಿತು. ತೂತಿನಲ್ಲಿ ಬೆಳಕಿರಲಿಲ್ಲ. ಆ ಕಡೆಯಿಂದ ಯಾರದೋ ಭುಜ ಅಡ್ಡವಾಗಿತ್ತು.

"ಮುಟ್ಟಾಗಿದ್ದೆ ಸರ್," ಅಂದೆ.

"ಜೋರಾಗಿ ಹೇಳಿ ಅಮ್ಮಾ," ಅಂದರು ನ್ಯಾಯಾಧೀಶರು. "ಈ ಸೂರು ಮಾತು ನುಂಗುತ್ತೆ."

ಪದ್ಯ ಒಪ್ಪಿಸುವಾಗ ಕೊನೇ ಬೆಂಚಿಗೆ ಕೇಳಬೇಕು ಅನ್ನುತ್ತಿದ್ದರು ನಮ್ಮ ಸಿಸ್ಟರ್. ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಮುಟ್ಟಾಗಿದ್ದೆ. ಹಿತ್ತಲ ಜಗಲಿಯಲ್ಲಿ, ಅಡುಗೆಮನೆ ಬಾಗಿಲ ಪಕ್ಕ ಕೂತಿದ್ದೆ. ತಟ್ಟೆ ಮುಟ್ಟೋ ಹಾಗಿರ್ಲಿಲ್ಲ. ಅಕ್ಕ ಒಲೆ ಮುಂದೆ ಇದ್ಲು. 'ಅವರು ಹೊರಟ್ರು ಕಣೇ, ತಾಂಬೂಲ ಕೊಟ್ಟು ಬಾ' ಅಂದ್ರು ದೊಡ್ಡಮ್ಮ. ಹೊರಗೆ ಏನು ಮಾತಾಯ್ತು ಅಂತ ಅಕ್ಕನಿಗೆ ಗೊತ್ತೇ ಇರ್ಲಿಲ್ಲ. ಯಾರೂ ಅವಳನ್ನ ಕರೆದು ಕೇಳಲೇ ಇಲ್ಲ."

ಟೈಪಿಸ್ಟರ ಕೈ ಒಂದು ಕ್ಷಣ ನಿಂತಿತು. ನ್ಯಾಯಾಧೀಶರು "ಬರೀರಿ" ಅಂದರು. ಮತ್ತೆ ಟಕಟಕ ಶುರುವಾಯಿತು. ಅಣ್ಣನ ವಕೀಲರು ಇನ್ನೇನೂ ಕೇಳಲಿಲ್ಲ.

ಜಗಲಿಗೆ ಬಂದಾಗ ಬೆಂಚು ಖಾಲಿ. ಅಣ್ಣ ಮೆಟ್ಟಿಲಿಳಿದು, ತಿರುಗಿ ನೋಡದೆ ಗೇಟು ದಾಟುತ್ತಿದ್ದ.

"ತೀರ್ಪು ಬರೋದು ಇನ್ನೂ ದೂರ. ಆದ್ರೆ ಆ ತಾಂಬೂಲದ ವಾದ ಇನ್ನು ನಿಲ್ಲೋದು ಕಷ್ಟ ಆಂಟಿ," ಅಂದಳು ವಕೀಲೆ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಹಾಲು ಕರೆಯುವ ಹೊತ್ತಾಯಿತು ಅಂತ ಬಸ್‌ಸ್ಟಾಂಡಿನ ಕಡೆ ಹೊರಟಳು.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯವರು ಕಾಂಪೌಂಡಿನ ಆಚೆ ಕರಿಬೇವು ಕೀಳುತ್ತಿದ್ದರು.

"ಗೌರಿ ಹಬ್ಬ ಹತ್ರ ಬಂತಲ್ರೀ," ಅಂದರು, ಎಲೆಗಳಿಂದ ಕಣ್ಣು ತೆಗೆಯದೆ. "ಹೋದ್ವರ್ಷ ನಿಮ್ಮಣ್ಣ ತಂದಿದ್ದ ಬಾಗಿನದ ಮೊರ ಎಷ್ಟು ಚೆನ್ನಾಗಿತ್ತು! ಈ ಸಲ ಅವ್ರು ಬಂದಾಗ ನನ್ನನ್ನೂ ಕೂಗಿ, ಎಲ್ಲಿ ತಗೊಂಡ್ರು ಅಂತ ಕೇಳ್ಬೇಕು."